ಕಥನ, ರಹಸ್ಯ ಮತ್ತು ಓದುಗ: ‘ದುರ್ಗೇಶನಂದಿನಿ’ಯ ಸ್ವೀಕಾರದ ಚರಿತ್ರೆ

ಭಾರತೀಯ ಭಾಷೆಗಳ ಕಾದಂಬರಿಯ ಚರಿತ್ರೆಯನ್ನು ಬಹುಮಟ್ಟಿಗೆ ಲೇಖಕರ ಮತ್ತು ಕೃತಿಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಕೃತಿಯನ್ನು ಓದಿದವರು, ಓದಿಸಿ ಕೇಳಿದವರು, ಒಪ್ಪಿದವರು ಮತ್ತು ಮುನಿದವರು ಆ ಚರಿತ್ರೆಯ ಅಂಚಿನಲ್ಲಿಯೇ ಉಳಿದಿದ್ದಾರೆ. ಬಂಕಿಮಚಂದ್ರ ಚಟ್ಟೋಪಾಧ್ಯಾಯರ ‘ದುರ್ಗೇಶನಂದಿನಿ’ (1865) ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲ ಅಪರೂಪದ ಉದಾಹರಣೆ. ಇತಿಹಾಸ, ಪ್ರಣಯ ಮತ್ತು ರಹಸ್ಯ ಈ ಮೂರನ್ನೂ ಒಂದೇ ಬಂಧದಲ್ಲಿ ಹೆಣೆದ ಈ ಕೃತಿಯ ಬಗ್ಗೆ ಅದು ಅಚ್ಚಾಗುವ ಮೊದಲಿನಿಂದ ಹಿಡಿದು ಮುಂದಿನ ಮುಕ್ಕಾಲು ಶತಮಾನದವರೆಗೆ ವ್ಯಕ್ತವಾದ ಅಭಿಪ್ರಾಯಗಳು ನೆನಪಿನ ಬರಹಗಳಲ್ಲಿ, ವಿಮರ್ಶೆಗಳಲ್ಲಿ, ರಂಗಭೂಮಿಯ ದಾಖಲೆಗಳಲ್ಲಿ, ಪ್ರತಿಕೃತಿಗಳಲ್ಲಿ ಉಳಿದುಬಂದಿವೆ. ಅವುಗಳನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಐತಿಹ್ಯದಿಂದ ಕಾದಂಬರಿಗೆ

ಕೃತಿಯ ಮೂಲವೇ ಮೌಖಿಕವಾದುದು ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ಬಂಕಿಮಚಂದ್ರರ ತಮ್ಮ ಪೂರ್ಣಚಂದ್ರರು ಬರೆದಿಟ್ಟಿರುವ ನೆನಪಿನ ಪ್ರಕಾರ, ಮನೆತನದ ಅತಿ ವೃದ್ಧರೊಬ್ಬರು, ವರಸೆಯಲ್ಲಿ ಇವರಿಗೆ ಚಿಕ್ಕಜ್ಜ, ಮಕ್ಕಳಿಗೆ ಹಳೆಯ ಕಾಲದ ಕಥೆಗಳನ್ನು ಹೇಳುತ್ತಿದ್ದರು. ಅವುಗಳಲ್ಲೊಂದು ಗಡ ಮಂದಾರಣದ ಕಥೆ. ಒಡಿಶಾದ ಕಡೆಯಿಂದ ಬಂದ ಪಠಾಣರು ಅಲ್ಲಿನ ಜಮೀನುದಾರನ ಕೋಟೆಯನ್ನು ಸೂರೆಮಾಡಿ, ಅವನನ್ನೂ ಅವನ ಹೆಂಡತಿ ಮಗಳನ್ನೂ ಸೆರೆಹಿಡಿದರು, ನೆರವಿಗೆ ಬಂದ ರಜಪೂತ ರಾಜಕುಮಾರ ಜಗತಸಿಂಹನೂ ಸೆರೆಯಾದನು ಎಂಬುದು ಅದರ ಸಾರ. ಹುಗಳಿ ಜಿಲ್ಲೆಯ ಮಂದಾರಣದ ಪ್ರದೇಶದಲ್ಲಿ ಜನರ ಬಾಯಲ್ಲಿ ಉಳಿದಿದ್ದ ಈ ಐತಿಹ್ಯವು ತರುಣ ಬಂಕಿಮರ ಮನಸ್ಸಿನಲ್ಲಿ ನಿಂತು, ಕೆಲವು ವರ್ಷಗಳ ನಂತರ ಕಾದಂಬರಿಯಾಯಿತು.

ಸ್ಥಳ, ವ್ಯಕ್ತಿ, ವಿಪತ್ತು ಈ ಮೂರನ್ನು ಮಾತ್ರ ಹಿಡಿದಿಟ್ಟುಕೊಂಡು ಉಳಿದುದನ್ನು ಹೇಳುವವನಿಗೆ ಬಿಡುವುದು ಐತಿಹ್ಯದ ಲಕ್ಷಣ. ಆ ತೆರವಿನಲ್ಲಿಯೇ ಕಾದಂಬರಿಕಾರನು ತಿಲೋತ್ತಮೆಯ ಪ್ರೇಮವನ್ನು, ಪಠಾಣ ನಾಯಕ ಕತಲು ಖಾನನ ಮಗಳು ಆಯೇಷಾಳ ತ್ಯಾಗವನ್ನು, ವಿಮಲೆಯ ರಹಸ್ಯವನ್ನು ತುಂಬಿದನು.

2. ಕೇಳುಗರ ಮೊದಲ ತೀರ್ಪು

ಹಸ್ತಪ್ರತಿಯು ಅಚ್ಚಿಗೆ ಹೋಗುವ ಮೊದಲು ಕಾಂಠಾಲಪಾಡಾದ ಮನೆಯಲ್ಲಿ ಅದರ ವಾಚನ ನಡೆಯಿತು. ಅಲ್ಲಿ ಮನೆಯವರ ಜೊತೆಗೆ ಸಮೀಪದ ಭಾಟಪಾಡಾದ ಸಂಸ್ಕೃತ ಪಂಡಿತರೂ ಕುಳಿತು ಕೇಳಿದರೆಂದು ಪೂರ್ಣಚಂದ್ರರು ದಾಖಲಿಸಿದ್ದಾರೆ. ಭಾಷೆಯಲ್ಲಿ ವ್ಯಾಕರಣದೋಷಗಳಿವೆಯೇ ಎಂಬ ಅಳುಕು ಲೇಖಕರಿಗಿತ್ತು. ಕಥೆಯ ಸೆಳೆತದಲ್ಲಿ ದೋಷಗಳ ಕಡೆಗೆ ಗಮನವೇ ಹರಿಯಲಿಲ್ಲ ಎಂದು ಒಬ್ಬ ಪಂಡಿತರು ಹೇಳಿದರೆ, ದೋಷವಿರುವ ಕಡೆಯಲ್ಲಿಯೇ ಭಾಷೆ ಇನ್ನೂ ಮಧುರವಾಗಿದೆ ಎಂಬ ಅರ್ಥದ ಮಾತನ್ನು ಮತ್ತೊಬ್ಬರು ಆಡಿದರಂತೆ.

ಇದು ಒಂದು ಕಾದಂಬರಿಯ ಬಗ್ಗೆ ‘ಓದುಗ’ರು ನೀಡಿದ ಅಭಿಪ್ರಾಯವೆನ್ನುವುದಕ್ಕಿಂತ ಕೇಳುಗರು ನೀಡಿದ ತೀರ್ಪು ಎನ್ನುವುದೇ ಸರಿ. ಪುರಾಣಶ್ರವಣದಲ್ಲಿ ಪಳಗಿದ ಕಿವಿ ಇಲ್ಲಿ ಹೊಸ ಪ್ರಕಾರವೊಂದನ್ನು ತೂಗಿ ನೋಡುತ್ತಿದೆ. ಶಾಸ್ತ್ರಬಲ್ಲವರೇ ಶಾಸ್ತ್ರವನ್ನು ಸ್ವಲ್ಪ ಹೊತ್ತು ಬದಿಗಿಟ್ಟರು ಎಂಬುದು ಈ ಘಟನೆಯ ಮಹತ್ವ.

3. ಅಚ್ಚಿನ ಓದುಗರು: ಬೆರಗು ಮತ್ತು ಗೇಲಿ

ಅಚ್ಚಾದ ಮೇಲೆ ದೊರೆತ ಸ್ವಾಗತವನ್ನು ಶಿವನಾಥ ಶಾಸ್ತ್ರಿಗಳು 1904ರಲ್ಲಿ ಪ್ರಕಟವಾದ ತಮ್ಮ ‘ರಾಮತನು ಲಾಹಿಡಿ ಮತ್ತು ತತ್ಕಾಲೀನ ಬಂಗಸಮಾಜ’ ಗ್ರಂಥದಲ್ಲಿ ನೆನೆದಿದ್ದಾರೆ. ಈ ಬಗೆಯ ಕಾದಂಬರಿಯನ್ನು ಬಂಗಾಳಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ ಎನ್ನುವ ಅವರು, ತಮ್ಮ ತಲೆಮಾರು ಅದಕ್ಕೆ ಮುಂಚೆ ಓದುತ್ತಿದ್ದ ಪುಸ್ತಕಗಳನ್ನೂ ಹೆಸರಿಸುತ್ತಾರೆ. ‘ವಿಜಯ ಬಸಂತ’, ‘ಕಾಮಿನೀ ಕುಮಾರ’ದಂತಹ ಕಾದಂಬರಿ ಧಾಟಿಯ ಹಳೆಯ ಕಥೆಗಳು ಹಾಗೂ ಹಂಸರೂಪದ ರಾಜಕುಮಾರರ ಕಥೆ, ಚಕಮಕಿ ಪೆಟ್ಟಿಗೆಯ ಕಥೆಗಳಂತಹ ಅನುವಾದಗಳು ಆ ಪಟ್ಟಿಯಲ್ಲಿವೆ. ಜಾನಪದ ವಿದ್ವಾಂಸರಿಗೆ ಈ ಪಟ್ಟಿ ಬಹಳ ಬೆಲೆಯುಳ್ಳದ್ದು. ‘ದುರ್ಗೇಶನಂದಿನಿ’ಯ ಮೊದಲ ಓದುಗರು ಕಿನ್ನರ ಕಥೆಗಳಿಂದ ನೇರವಾಗಿ ಕಾದಂಬರಿಗೆ ದಾಟಿದವರು ಎಂಬುದನ್ನು ಅದು ತೋರಿಸಿಕೊಡುತ್ತದೆ.

ಎಲ್ಲರೂ ಮೆಚ್ಚಿದರೆಂದಲ್ಲ. ಸಂಸ್ಕೃತ ಪದಗಳನ್ನೂ ಆಡುಮಾತನ್ನೂ ಬೆರೆಸುವ ಹೊಸ ಗದ್ಯವನ್ನು ದ್ವಾರಕಾನಾಥ ವಿದ್ಯಾಭೂಷಣರ ‘ಸೋಮಪ್ರಕಾಶ’ ಪತ್ರಿಕೆಯ ವಲಯವು ಗೇಲಿಮಾಡಿತು. ‘ಶವ’ ಎಂಬ ಸಂಸ್ಕೃತ ಪದಕ್ಕೆ ‘ಸುಡು’ ಎಂಬ ದೇಶ್ಯವನ್ನೂ, ಹೆಣವೆಂಬ ದೇಶ್ಯಕ್ಕೆ ‘ದಹನ’ವನ್ನೂ ಜೋಡಿಸುವವರ ಗುಂಪು ಎಂಬ ಅಡ್ಡಹೆಸರು ಬಂಕಿಮರ ಅನುಯಾಯಿಗಳಿಗೆ ಬಿತ್ತು. ಮತ್ತೊಂದು ಆಕ್ಷೇಪ ಸ್ವೋಪಜ್ಞತೆಗೆ ಸಂಬಂಧಿಸಿದ್ದು. ಗಾಯಗೊಂಡ ಪರಧರ್ಮೀಯ ವೀರನನ್ನು ಶುಶ್ರೂಷೆಮಾಡಿ, ಅವನನ್ನು ಪ್ರೀತಿಸಿಯೂ ದೂರ ಸರಿಯುವ ಆಯೇಷಾಳಲ್ಲಿ ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ದ ರೆಬೆಕ್ಕಾಳ ನೆರಳನ್ನು ಇಂಗ್ಲಿಷ್ ಬಲ್ಲವರು ಕಂಡರು. ತಾವು ಅದನ್ನು ಬರೆಯುವ ಮುಂಚೆ ‘ಐವನ್‌ಹೋ’ವನ್ನು ಓದಿರಲಿಲ್ಲವೆಂದು ಬಂಕಿಮರು ಆತ್ಮೀಯರಲ್ಲಿ ಹೇಳಿಕೊಂಡರೂ ಚರ್ಚೆ ನಿಲ್ಲಲಿಲ್ಲ. ಭೂದೇವ ಮುಖೋಪಾಧ್ಯಾಯರು ಇದಕ್ಕೂ ಮೊದಲೇ ‘ಅಂಗುರೀಯ ವಿನಿಮಯ’ದಲ್ಲಿ ಶಿವಾಜಿ ಮತ್ತು ಔರಂಗಜೇಬನ ಮಗಳ ಪ್ರಣಯವನ್ನು ಕಲ್ಪಿಸಿದ್ದರು. ಮೂಲವನ್ನು ವಿದೇಶದಲ್ಲಿ ಹುಡುಕಿದವರು ಮನೆಯ ಚಿಕ್ಕಜ್ಜನನ್ನೂ, ಸ್ವಭಾಷೆಯ ಪೂರ್ವಸೂರಿಯನ್ನೂ ಮರೆತದ್ದು ಆ ಕಾಲದ ವಿದ್ಯಾವಂತರ ಓದಿನ ಮಿತಿಯನ್ನು ಸೂಚಿಸುತ್ತದೆ.

4. ರಹಸ್ಯದ ಕೆಲಸ

ಓದುಗರನ್ನು ಹಿಡಿದಿಟ್ಟ ಶಕ್ತಿ ಯಾವುದು? ಬಿರುಗಾಳಿಯ ರಾತ್ರಿ ಶೈಲೇಶ್ವರ ದೇವಾಲಯದಲ್ಲಿ ಜಗತಸಿಂಹನಿಗೆ ಇಬ್ಬರು ಅಪರಿಚಿತ ಸ್ತ್ರೀಯರು ಕಾಣುತ್ತಾರೆ. ಅವರು ತಮ್ಮ ಗುರುತನ್ನು ಹೇಳುವುದಿಲ್ಲ. ಹದಿನೈದು ದಿನಗಳ ನಂತರ ಅದೇ ಸ್ಥಳದಲ್ಲಿ ತಿಳಿಸುವುದಾಗಿ ವಿಮಲೆ ಮಾತು ಕೊಡುತ್ತಾಳೆ. ಈ ಗಡುವು ಓದುಗನಿಗೂ ಅನ್ವಯಿಸುತ್ತದೆ. ಆದರೆ ತಿಲೋತ್ತಮೆ ಯಾರೆಂಬುದು ಬಯಲಾದ ಮೇಲೂ ವಿಮಲೆ ಯಾರೆಂಬ ಪ್ರಶ್ನೆ ಉಳಿಯುತ್ತದೆ. ಕೋಟೆಯಲ್ಲಿ ದಾಸಿಯಂತೆ ಬಾಳುವ ಅವಳು ದುರ್ಗಾಧಿಪತಿ ವೀರೇಂದ್ರಸಿಂಹನ ವಿವಾಹಿತ ಪತ್ನಿ, ಸಂನ್ಯಾಸಿ ಅಭಿರಾಮಸ್ವಾಮಿಯ ಮಗಳು ಎಂಬುದು ಎರಡನೆಯ ಭಾಗದಲ್ಲಿ ಅವಳದೇ ಪತ್ರದ ಮೂಲಕ ಹೊರಬೀಳುತ್ತದೆ. ಅಷ್ಟರಲ್ಲಿ ಗಂಡನ ಶಿರಚ್ಛೇದವಾಗಿರುತ್ತದೆ. ಕತಲು ಖಾನನ ಜನ್ಮದಿನದ ಉತ್ಸವದಲ್ಲಿ ಅವಳು ಅವನನ್ನು ಇರಿದು ಸೇಡು ತೀರಿಸಿಕೊಳ್ಳುತ್ತಾಳೆ.

ದಾಸಿಯ ವೇಷದಲ್ಲಿರುವ ರಾಣಿ, ಮರೆಮಾಚಿದ ಹುಟ್ಟು, ಗುರುತು ಹಿಡಿಯುವ ಗಳಿಗೆ ಇವು ಜನಪದ ಕಥೆಗಳಲ್ಲಿ ವ್ಯಾಪಕವಾಗಿ ಹರಡಿರುವ ಆಶಯಗಳು. ಜನಪದ ಕಥೆಯಲ್ಲಿ ರಾಣಿಯ ಗುರುತು ಬಯಲಾದೊಡನೆ ಅವಳಿಗೆ ಸ್ಥಾನ ಮರಳಿ ದೊರೆಯುತ್ತದೆ. ವಿಮಲೆಗೆ ಮಾತ್ರ ಗುರುತು ದೊರೆಯುವ ಹೊತ್ತಿಗೆ ಸ್ಥಾನವೇ ಇಲ್ಲವಾಗಿರುತ್ತದೆ. ಹಳೆಯ ಆಶಯವನ್ನು ಬಲ್ಲ ಓದುಗನಿಗೆ ಈ ಪಲ್ಲಟವು ತಟ್ಟನೆ ಮುಟ್ಟುವಂತಹದು. ಲೇಖಕರ ಜೀವಿತಕಾಲದಲ್ಲಿಯೇ ಕೃತಿ 13 ಮುದ್ರಣಗಳನ್ನು ಕಂಡುದಕ್ಕೆ, 1873ರಲ್ಲಿಯೇ ಕಲ್ಕತ್ತೆಯ ಬೆಂಗಾಲ್ ಥಿಯೇಟರ್‌ನಲ್ಲಿ ರಂಗವೇರಿದುದಕ್ಕೆ ಈ ಪರಿಚಿತತೆ ಮತ್ತು ಹೊಸತನಗಳ ಬೆರಕೆಯೂ ಒಂದು ಕಾರಣವೆನ್ನಬಹುದು. ರಂಗರೂಪವು ಅಕ್ಷರ ಬಾರದವರನ್ನೂ ಈ ಕಥೆಯ ಅಭಿಪ್ರಾಯವಲಯಕ್ಕೆ ಸೇರಿಸಿತು. ನಟಿ ವಿನೋದಿನಿ ದಾಸಿ ತಾನು ಆಯೇಷಾ ಮತ್ತು ತಿಲೋತ್ತಮೆ ಎರಡೂ ಪಾತ್ರಗಳನ್ನು ವಹಿಸಿದ್ದನ್ನು ಆತ್ಮಕಥನದಲ್ಲಿ ನೆನೆಯುತ್ತಾಳೆ.

5. ಯಾರ ಇತಿಹಾಸ?

ಐತಿಹಾಸಿಕ ಸತ್ಯದ ಪ್ರಶ್ನೆ ನಂತರ ಬಂದಿತು. 1590ರ ಕದನದಲ್ಲಿ ಜಗತಸಿಂಹನು ಪಠಾಣರಿಗೆ ಸೋತರೂ ವಿಷ್ಣುಪುರದ ವೀರ ಹಂಬೀರನ ನೆರವಿನಿಂದ ಪಾರಾದನು. ಕತಲು ಖಾನನು ಕೆಲವೇ ದಿನಗಳಲ್ಲಿ ಕಾಯಿಲೆಯಿಂದ ತೀರಿಕೊಂಡನು. ವಿಮಲೆಯ ಕಠಾರಿಗೆ ಚರಿತ್ರೆಯ ಆಧಾರವಿಲ್ಲ. ಬಂಗೀಯ ಸಾಹಿತ್ಯ ಪರಿಷತ್ತಿನ ಶತಮಾನೋತ್ಸವ ಆವೃತ್ತಿಗೆ ಐತಿಹಾಸಿಕ ಭೂಮಿಕೆಯನ್ನು ಬರೆದ ಜದುನಾಥ ಸರ್ಕಾರರು ಸತ್ಯ ಮತ್ತು ಕಲ್ಪನೆಗಳನ್ನು ಬಿಡಿಸಿ ತೋರಿಸಿದರು. ಸ್ವತಃ ಬಂಕಿಮರೇ ‘ರಾಜಸಿಂಹ’ದ ನಾಲ್ಕನೆಯ ಮುದ್ರಣದ ಮುನ್ನುಡಿಯಲ್ಲಿ ‘ದುರ್ಗೇಶನಂದಿನಿ’ಯನ್ನು ಐತಿಹಾಸಿಕ ಕಾದಂಬರಿಯೆಂದು ಕರೆಯಲಾಗದೆಂದು ಒಪ್ಪಿಕೊಂಡಿದ್ದರು.

ಆದರೆ ಲೇಖಕರ ಈ ಒಪ್ಪಿಗೆಯಿಂದ ಓದುಗರ ನೋವು ನಿವಾರಣೆಯಾಗಲಿಲ್ಲ. ಪಠಾಣ ಕುಮಾರಿ ರಜಪೂತ ಸೆರೆಯಾಳನ್ನು ಪ್ರಾಣೇಶ್ವರನೆಂದು ಘೋಷಿಸುವ ಸನ್ನಿವೇಶವನ್ನು ಹಿಂದೂ ಓದುಗರು ಉದಾತ್ತ ಪ್ರೇಮದ ಶಿಖರವೆಂದು ಕೊಂಡಾಡಿದರೆ, ಮುಸ್ಲಿಂ ಓದುಗರಲ್ಲಿ ಹಲವರಿಗೆ ಅದು ಅವಮಾನವಾಗಿ ಕಂಡಿತು. ಇಸ್ಮಾಯಿಲ್ ಹುಸೇನ್ ಸಿರಾಜಿಯವರು ಇದಕ್ಕೆ ಕಾದಂಬರಿಯಿಂದಲೇ ಉತ್ತರ ಕೊಟ್ಟರು. 1910ರ ದಶಕದಲ್ಲಿ ಬಂದ ಅವರ ‘ರಾಯನಂದಿನಿ’ಯಲ್ಲಿ ಹಿಂದೂ ಅರಸನ ಮಗಳು ಈಸಾ ಖಾನನಿಗೆ ಒಲಿಯುತ್ತಾಳೆ. ಶೀರ್ಷಿಕೆಯೇ ಸವಾಲು. ಆಯೇಷಾಳ ಘನತೆಯನ್ನೂ ಉಸ್ಮಾನನ ಶೌರ್ಯವನ್ನೂ ಬಂಕಿಮರು ಮನಸಾರೆ ಚಿತ್ರಿಸಿದ್ದಾರೆಂಬುದು ನಿಜ. ಆದರೆ ಪ್ರೀತಿಯಲ್ಲಿ ಬಾಗುವ ಹೆಣ್ಣು ಯಾವ ಸಮುದಾಯದವಳು ಎಂಬುದನ್ನು ಗೆಲುವು ಸೋಲುಗಳ ಲೆಕ್ಕವಾಗಿ ಓದುವ ಸಮಾಜದಲ್ಲಿ ಕಥನವು ನಿರಪಾಯಕಾರಿಯಾಗಿ ಉಳಿಯದು. ಎರಡೂ ಕೃತಿಗಳಲ್ಲಿ ಸಮುದಾಯದ ಮಾನವನ್ನು ಹೊರಬೇಕಾದವಳು ಹೆಣ್ಣೇ ಎಂಬುದನ್ನು ಆ ಕಾಲದ ವಾಗ್ವಾದವು ಗಮನಕ್ಕೆ ತಂದುಕೊಳ್ಳಲಿಲ್ಲ.

6. ಕನ್ನಡದ ಓದುಗರು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಕೃತಿಯನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು (1845–1914). ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದ ಅವರು ಸ್ವಪ್ರಯತ್ನದಿಂದ ಬಂಗಾಳಿಯನ್ನು ಕಲಿತು, ಈಶ್ವರಚಂದ್ರ ವಿದ್ಯಾಸಾಗರರ ‘ಭ್ರಾಂತಿವಿಲಾಸ’ದ ನಂತರ ಬಂಕಿಮರ ಕಾದಂಬರಿಗಳನ್ನು ಒಂದೊಂದಾಗಿ ಅನುವಾದಿಸಿದರು. ಸಂಸ್ಕೃತಭೂಯಿಷ್ಠವಾದ ಅವರ ಗದ್ಯವು ಇಂದಿಗೆ ಭಾರವೆನಿಸಿದರೂ, ವೆಂಕಟಾಚಾರ್ಯರು ಮತ್ತು ಗಳಗನಾಥರು ಕನ್ನಡದಲ್ಲಿ ಕಾದಂಬರಿಯ ಓದುಗವರ್ಗವನ್ನೇ ನಿರ್ಮಿಸಿದರೆಂಬುದು ಸಾಹಿತ್ಯ ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಗಮಕ ಮತ್ತು ಹರಿಕಥೆಗಳಿಗೆ ಕಿವಿಗೊಟ್ಟಿದ್ದ ಜನ ಪುಸ್ತಕವನ್ನು ಕೈಗೆತ್ತಿಕೊಂಡದ್ದು ಇಂತಹ ಕಥೆಗಳಿಗಾಗಿ. ಮಂದಾರಣದ ಐತಿಹ್ಯವು ಹೀಗೆ ಎರಡನೆಯ ಭಾಷೆಯೊಂದರಲ್ಲಿಯೂ ಕೇಳುವವರನ್ನು ಓದುವವರನ್ನಾಗಿಸಿತು.

ಒಂದು ಕೃತಿಯ ಬಗೆಗಿನ ಅಭಿಪ್ರಾಯಗಳು ಪರಸ್ಪರ ವಿರುದ್ಧವಾಗಿದ್ದಾಗ ಯಾವುದು ಸರಿ ಎಂದು ಕೇಳುವುದು ವಿಮರ್ಶೆಯ ವಾಡಿಕೆ. ಪ್ರತಿಯೊಂದು ಅಭಿಪ್ರಾಯವೂ ಯಾವ ಕಥನ ಸಂಸ್ಕಾರದಿಂದ ಹುಟ್ಟಿತೆಂದು ಕೇಳುವುದು ಜಾನಪದ ಅಧ್ಯಯನದ ಕ್ರಮ. ಭಾಟಪಾಡಾದ ಪಂಡಿತರ ಒಪ್ಪಿಗೆ, ‘ಸೋಮಪ್ರಕಾಶ’ದ ಗೇಲಿ, ಇತಿಹಾಸಕಾರರ ತಿದ್ದುಪಡಿ, ಸಿರಾಜಿಯವರ ಪ್ರತಿಕಥನ ಇವೆಲ್ಲವೂ ಒಂದೇ ಪಠ್ಯಕ್ಕೆ ಸೇರಿದ ಪಾಠಾಂತರಗಳೆಂದು ಭಾವಿಸುವುದಾದರೆ, ‘ದುರ್ಗೇಶನಂದಿನಿ’ಯ ಚರಿತ್ರೆಯು 1865ಕ್ಕೆ ಮುಗಿಯುವುದಿಲ್ಲ. ಮೊಮ್ಮಕ್ಕಳನ್ನು ಕೂಡಿಸಿಕೊಂಡು ವೃದ್ಧರೊಬ್ಬರು ಹೇಳಿದ ಕಥೆಯಿಂದ ಅದು ಆರಂಭವಾಗಿ, ಆ ಕಥೆಯನ್ನು ಒಪ್ಪದೆ ಬೇರೆ ಬಗೆಯಲ್ಲಿ ಹೇಳಿದವರವರೆಗೂ ಚಾಚಿಕೊಳ್ಳುತ್ತದೆ.