ಅಣುವೋ ಪರಮಾಣುವೋ: ತಾಂತ್ರಿಕ ಪುಸ್ತಕಗಳ ಕನ್ನಡ

ಮಹಾಲಕ್ಷ್ಮಿ ಲೇಔಟ್‌ನ ಮಗ್ಗುಲಲ್ಲೇ ರಾಜಾಜಿನಗರ ಕೈಗಾರಿಕಾ ಪ್ರದೇಶವಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ 1972ರಲ್ಲಿ ಹುಟ್ಟಿದ್ದು ಇಲ್ಲೇ. ಇಲ್ಲಿನ ಶೆಡ್ಡುಗಳಲ್ಲಿ ಲೇತ್, ಚಕ್, ಡೈ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಅಲ್ಲಿ ದುಡಿಯುವವರ ಕೈಗೇ ಕನ್ನಡದ ತಾಂತ್ರಿಕ ಪುಸ್ತಕ ಕೊಡಿ, ಎರಡನೇ ಪುಟಕ್ಕೆ ಎಡವುತ್ತಾರೆ. ತಪ್ಪು ಅವರದಲ್ಲ.

ಕನ್ನಡದಲ್ಲಿ ವಿಜ್ಞಾನ ಬರೆಯುವ ಕೆಲಸಕ್ಕೆ ನೂರು ವರ್ಷ ದಾಟಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆ ತಂದಾಗ ಪಾರಿಭಾಷಿಕ ಪದಗಳ ಬೊಕ್ಕಸ ಹೆಚ್ಚುಕಮ್ಮಿ ಬರಿದಾಗಿತ್ತು. ಪತ್ರಿಕೆ ಎರಡೇ ವರ್ಷಕ್ಕೆ ನಿಂತಿತು. ಸಂಸ್ಕೃತದಿಂದ ಪದ ಕಟ್ಟುವ ರೂಢಿ ಮಾತ್ರ ಪಠ್ಯಪುಸ್ತಕಗಳಲ್ಲಿ ಬೇರೂರಿತು: ಆಮ್ಲಜನಕ, ಜಲಜನಕ, ಸಾರಜನಕ. ಆಮೇಲೆ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ ವಿಶ್ವಕೋಶವನ್ನು ಒಬ್ಬರೇ ಹೊತ್ತರು. 1978ರಲ್ಲಿ ‘ಬಾಲವಿಜ್ಞಾನ’ ಪತ್ರಿಕೆ ಬಂತು. ಹತ್ತಾರು ಲೇಖಕರ ಕನ್ನಡವನ್ನು ತಿದ್ದಿ ಹದ ಮಾಡುವ ಹೊಣೆ ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥ ಸಂಪಾದಕರ ಮೇಲೆ ಬಿತ್ತು.

ಅಷ್ಟಾದರೂ ಗೊಂದಲ ತೀರಲಿಲ್ಲ. ಪಠ್ಯಪುಸ್ತಕದ ಪ್ರಕಾರ ಪರಮಾಣುಗಳು ಸೇರಿ ಅಣುವಾಗುತ್ತದೆ. ಬಾಂಬಿನಲ್ಲಿ ಒಡೆಯುವುದು ಪರಮಾಣು. ಪತ್ರಿಕೆಗಳಿಗೆ ಅದು ಇಂದಿಗೂ ‘ಅಣುಬಾಂಬ್’. ‘ಶಕ್ತಿ’ಯ ಕಥೆ ಇನ್ನೂ ಕಷ್ಟ. ಹೀಟರಿನ ಮೇಲೆ ಬರೆದ 1 ಕಿಲೋವ್ಯಾಟ್ ಅದರ ಸಾಮರ್ಥ್ಯ. ಅದು 2 ಗಂಟೆ ಉರಿದಾಗ ಬಿಲ್ಲಿಗೆ ಸೇರುವ 2 ಯೂನಿಟ್ಟು ಶಕ್ತಿ. ಎರಡಕ್ಕೂ ‘ಶಕ್ತಿ’ ಎಂದೇ ಬರೆದ ಲೇಖಕರು ಈ ಸಣ್ಣ ಲೆಕ್ಕವನ್ನೂ ವಿವರಿಸಲಾರರು. ‘ಆಕ್ಸಿಜನ್’ ಎನ್ನಿ, ‘ಆಮ್ಲಜನಕ’ ಎನ್ನಿ, ನನ್ನ ತಕರಾರಿಲ್ಲ. ಪುಟಕ್ಕೊಂದು ಎಂದರೆ ಮಾತ್ರ ಒಪ್ಪಲಾರೆ.

ಯಾರನ್ನು ಮನಸ್ಸಿನಲ್ಲಿಟ್ಟು ಬರೆಯಬೇಕೆಂಬ ವಿಚಾರ ಎದ್ದದ್ದು ತೀರ ಈಚೆಗೆ. ತಂತ್ರಾಂಶ ಲೋಕದಲ್ಲಿ 2018ರಲ್ಲಿ ಪೈಥಾನ್ ಬಳಗ, 2020ರಲ್ಲಿ ಲಿನಕ್ಸ್ ಬಳಗ, ಒಂದು ಘಟಕ ಇನ್ನೊಂದನ್ನು ನಿಯಂತ್ರಿಸುವುದಕ್ಕೆ ಬಳಸುತ್ತಿದ್ದ ‘ಮಾಸ್ಟರ್–ಸ್ಲೇವ್’ ಪದಜೋಡಿಯನ್ನು ಕೈಬಿಡತೊಡಗಿದವು. ಕನ್ನಡದಲ್ಲಿ ಅದಕ್ಕೆ ‘ಮುಖ್ಯ–ಅಧೀನ’ ಸಾಕು, ಒಡೆಯ–ಗುಲಾಮರನ್ನು ಕರೆತರಬೇಕಿಲ್ಲ. ನಮ್ಮ ತೊಡಕಿರುವುದು ಕ್ರಿಯಾಪದದಲ್ಲಿ. ‘ತಂತ್ರಜ್ಞನು ಸ್ವಿಚ್ ಆರಿಸುತ್ತಾನೆ’ ಎಂದೊಡನೆ ಐಟಿಐ ಓದುವ ಹುಡುಗಿ ಹೊರಗುಳಿದಳು. ‘ಸ್ವಿಚ್ ಆರಿಸಿ’, ‘ಆರಿಸಬೇಕು’, ‘ತಂತ್ರಜ್ಞರು ಆರಿಸುತ್ತಾರೆ’ ಎಂದರೆ ಗಂಡು–ಹೆಣ್ಣಿನ ಮಾತೇ ಬರುವುದಿಲ್ಲ. ‘ಅವನು/ಅವಳು’ ಎಂದು ಓರೆಗೆರೆ ಹಾಕುವ ಚಾಳಿ ಇಂಗ್ಲಿಷಿನಿಂದ ಅಂಟಿದ್ದು. ಇನ್ನು ‘ವಿಕಲಚೇತನ’: ಸರ್ಕಾರಿ ಇಲಾಖೆಯ ಹೆಸರಿನಲ್ಲೇ ಇದೆ, ನಿಜ. ಆದರೆ ಕಣ್ಣು ಕಾಣದಿದ್ದರೆ ಚೇತನ ವಿಕಲವಾಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಕೈಪಿಡಿಯಲ್ಲಿ ‘ದೃಷ್ಟಿದೋಷ ಇರುವವರು’ ಎಂದು ನೇರವಾಗಿ ಬರೆಯುವುದೇ ವಾಸಿ.

2021–22ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿಸಿದೆ. ಒಂದೊಂದು ಪುಸ್ತಕಕ್ಕೂ ಹಲವರು ಕೈಹಾಕುವ ಕಾಲವಿದು. ಲೇಖಕರು, ಪ್ರಕಾಶಕರು ಮೊದಲ ಅಧ್ಯಾಯಕ್ಕೂ ಮುಂಚೆ ಕೂತು ಪದಪಟ್ಟಿ ಮಾಡಿಕೊಳ್ಳಲಿ. ಅದನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕಿಸಲಿ.