ಕರಿಮೀನ್ ಮರಿಯೋ, ತಿಲಾಪಿಯಾ ಮರಿಯೋ? ಕೊಳಕ್ಕೆ ಬಿಡುವ ಮುನ್ನ ಹೀಗೆ ಗುರುತಿಸಿ

ಕೊಚ್ಚಿ: ಕೇರಳದ ಊಟದ ತಟ್ಟೆಯಲ್ಲಿ ಕರಿಮೀನ್‌ಗೆ ವಿಶೇಷ ಸ್ಥಾನವಿದೆ. 2010ರಲ್ಲಿ ಇದನ್ನು ರಾಜ್ಯ ಮೀನು ಎಂದೂ ಘೋಷಿಸಲಾಯಿತು. ವೇಂಬನಾಡ್ ಹಿನ್ನೀರಿನ ಸುತ್ತ, ಎರ್ನಾಕುಲಂ ಜಿಲ್ಲೆಯಲ್ಲಿ ಇದನ್ನು ಸಾಕುವ ರೈತರಿದ್ದಾರೆ. ಆದರೆ ಹಿನ್ನೀರಿನಲ್ಲಿ ಬಲೆ ಹಾಕಿ ಹಿಡಿದ ಮರಿಗಳ ಜತೆ ಪಳ್ಳತ್ತಿ, ತಿಲಾಪಿಯಾ ಮರಿಗಳೂ ಸೇರಿಕೊಳ್ಳಬಹುದು. ಮೂರೂ ಸಿಕ್ಲಿಡ್ ಕುಟುಂಬದ ಮೀನುಗಳೇ. ಎಳೆಯ ಪ್ರಾಯದಲ್ಲಿ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ.

ತಪ್ಪಿದರೆ ನಷ್ಟವೇನು?

ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದಿದ್ದು 1952ರಲ್ಲಿ. ಇದರ ಹೆಣ್ಣು ಮೀನು ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ. ಬಲುಬೇಗ ಸಂತಾನ ಹೆಚ್ಚಿಸಿಕೊಳ್ಳುವುದರಿಂದ ಕೆಲವೇ ಮರಿಗಳು ಸೇರಿದರೂ ಕೊಳವಿಡೀ ತುಂಬಿಕೊಂಡು, ಕರಿಮೀನ್‌ನ ಆಹಾರ ಮತ್ತು ಜಾಗ ಕಸಿಯುತ್ತವೆ. ಪಳ್ಳತ್ತಿ ಬೆಳೆಯುವುದು ಸುಮಾರು 8 ಸೆಂ.ಮೀ. ಮಾತ್ರ. ಕರಿಮೀನ್ 20 ಸೆಂ.ಮೀ. ದಾಟುತ್ತದೆ, 40 ಸೆಂ.ಮೀ.ವರೆಗೂ ಬೆಳೆಯಬಲ್ಲದು. ಪಳ್ಳತ್ತಿ ಎಂದುಕೊಂಡು ಕರಿಮೀನ್ ಮರಿ ತಂದರೆ ಮನೆಯ ಅಕ್ವೇರಿಯಂ ಸಾಲದು.

ಗುರುತಿಸುವುದು ಹೇಗೆ?

* ಕರಿಮೀನ್: ಮೈಮೇಲೆ ಅಡ್ಡಲಾಗಿ ಕಪ್ಪು ಪಟ್ಟೆಗಳು. ಎದೆಯ ಈಜುರೆಕ್ಕೆಯ ಬುಡದಲ್ಲಿ ಕಪ್ಪು ಮಚ್ಚೆ.
* ಪಳ್ಳತ್ತಿ: ಹಳದಿ ಛಾಯೆ. ಮೈಯ ಮಧ್ಯಭಾಗದಲ್ಲಿ ಕಪ್ಪು ಮಚ್ಚೆ.
* ತಿಲಾಪಿಯಾ: ಬೆಳ್ಳಿ ಬಣ್ಣದ ಮೇಲೆ ಮಸುಕಾದ ಪಟ್ಟೆಗಳು. ಬೆನ್ನಿನ ಈಜುರೆಕ್ಕೆಯ ಹಿಂಭಾಗದಲ್ಲಿ ಕಪ್ಪು ಚುಕ್ಕೆ.

ಆದರೆ ಬಣ್ಣವನ್ನೇ ನಂಬುವಂತಿಲ್ಲ. ಬೆದರಿದಾಗ ಸಿಕ್ಲಿಡ್‌ಗಳ ಬಣ್ಣ, ಪಟ್ಟೆ ಬದಲಾಗುತ್ತವೆ. ಮುಳ್ಳು ಎಣಿಸುವುದೇ ಖಚಿತ ವಿಧಾನ. ಬೆರಳುದ್ದದ ಮರಿಯನ್ನು ನೀರು ತುಂಬಿದ ಗಾಜಿನ ಲೋಟದಲ್ಲಿ ಬಿಟ್ಟು, ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹೊಟ್ಟೆಯ ಕೆಳಗೆ, ಬಾಲಕ್ಕಿಂತ ಮುಂಚೆ ಇರುವ ಈಜುರೆಕ್ಕೆಯಲ್ಲಿ 3 ಗಟ್ಟಿ ಮುಳ್ಳುಗಳಿದ್ದರೆ ಅದು ತಿಲಾಪಿಯಾ. 12 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕರಿಮೀನ್ ಇಲ್ಲವೇ ಪಳ್ಳತ್ತಿ. ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ಬೆನ್ನಿನ ಈಜುರೆಕ್ಕೆಯ ಹಿಂಭಾಗದ ಮೃದು ಕಡ್ಡಿಗಳನ್ನು ಎಣಿಸಬೇಕು. ಕರಿಮೀನ್‌ಗೆ 14-15, ಪಳ್ಳತ್ತಿಗೆ 8-10 ಇರುತ್ತವೆ.

ಕರ್ನಾಟಕದಲ್ಲೂ ಎಚ್ಚರ ಬೇಕು

ಭಾರತದ ಮೂಲ ಸಿಕ್ಲಿಡ್‌ಗಳು ಮೂರೇ. ಕರಿಮೀನ್, ಪಳ್ಳತ್ತಿ ಬಿಟ್ಟರೆ ಮೂರನೆಯದು ಕೆನರಾ ಕರಿಮೀನ್. 1877ರಲ್ಲಿ ಫ್ರಾನ್ಸಿಸ್ ಡೇ ಇದನ್ನು ದಕ್ಷಿಣ ಕೆನರಾದಿಂದ ದಾಖಲಿಸಿದರು. ಸಿಹಿನೀರಿನ ಈ ಮೀನಿನ ಮೈಮೇಲೂ ಪಟ್ಟೆಗಳಿರುವುದರಿಂದ ಕರಿಮೀನ್ ಮರಿ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಇದು ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ. ಹಾಗಾಗಿ ಕರಾವಳಿಯ ಹೊಳೆಗಳಲ್ಲಿ ಪಟ್ಟೆಯ ಮರಿಗಳು ಸಿಕ್ಕರೆ ಹಿಡಿದು ಮಾರುವ ಬದಲು ಅಲ್ಲೇ ಬಿಡುವುದು ಒಳಿತು.

ಸಾಕಣೆಗೆ ಮರಿ ಬೇಕಿದ್ದವರು ನಂಬಿಕಸ್ಥ ಕೇಂದ್ರಗಳಿಂದಲೇ ಖರೀದಿಸುವುದು ಸೂಕ್ತ. ಎರ್ನಾಕುಲಂನಲ್ಲಿ ಸಿಎಂಎಫ್‌ಆರ್‌ಐ ಅಧೀನದ ಕೃಷಿ ವಿಜ್ಞಾನ ಕೇಂದ್ರ ಕರಿಮೀನ್ ಮರಿ ಉತ್ಪಾದನೆಗೆ ರೈತರಿಗೆ ನೆರವಾಗುತ್ತಿದೆ. ಎಲ್ಲಿಂದ ತಂದರೂ ಕೊಳಕ್ಕೆ ಬಿಡುವ ಮುನ್ನ ಕೆಲವು ಮರಿಗಳ ಮುಳ್ಳು ಎಣಿಸಿ ನೋಡುವುದನ್ನು ಮರೆಯಬೇಡಿ.