ಸಿಎನ್‌ಸಿ ಕಟಿಂಗ್‌ಗೆ ಕೊಡುವ ಮುನ್ನ ಡಿಸೈನ್ ಫೈಲ್ ಹೀಗಿರಲಿ

ದೇವರ ಕೋಣೆ ಬಾಗಿಲು, ಜಾಲಿ ಪಾರ್ಟಿಷನ್, ಮನೆ ನಾಮಫಲಕ ಮಾಡಿಸೋಕೆ ಈಗ ಜನ ಸಿಎನ್‌ಸಿ ರೂಟರ್ ಇರುವ ಅಂಗಡಿಗೇ ಹೋಗುತ್ತಾರೆ. ಹೆಚ್ಚಿನವರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ 'ಇದನ್ನೇ ಕಟ್ ಮಾಡಿಕೊಡಿ' ಅಂತಾರೆ. ಫೈಲ್ ಸರಿಯಿಲ್ಲದೆ 8x4 ಅಡಿ ಶೀಟ್ ಹಾಳಾದರೆ ದುಡ್ಡು ಯಾರದ್ದು ಎಂಬ ತಕರಾರು ಶುರು.

ಫೋಟೋ ಅಂದರೆ ಬಣ್ಣದ ಚುಕ್ಕಿಗಳು. ಕತ್ತರಿಸಲು ಮಷಿನ್‌ಗೆ ಬೇಕಿರುವುದು ಬಿಟ್ ಸಾಗುವ ಗೆರೆ, ಅಂದರೆ ವೆಕ್ಟರ್. ಕೋರೆಲ್‌ಡ್ರಾ ಅಥವಾ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಿ ಇದನ್ನು ಪಡೆಯಬಹುದು. ಮಸುಕು ಫೋಟೋ ಟ್ರೇಸ್ ಮಾಡಿದರೆ ಅಂಚು ಗರಗಸದ ಹಲ್ಲಿನಂತೆ ಬರುತ್ತೆ. ಮೊದಲು ಚಿತ್ರವನ್ನು ಕಪ್ಪು-ಬಿಳುಪು ಮಾಡಿ ಕಲೆ ಅಳಿಸಬೇಕು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗದು. ಗೆರೆಗಳ ತುದಿ ಕೂಡಿರಬೇಕು; ಒಂದರ ಮೇಲೊಂದು ಗೆರೆಯಿದ್ದರೆ ಅದೇ ಜಾಗ ಎರಡು ಸಲ ಕಟ್ ಆಗುತ್ತೆ.

ನಿಜವಾದ ತಲೆನೋವು ಕನ್ನಡ ಅಕ್ಷರಗಳದ್ದು. ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಹೆಸರು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹೀಗಾಗಿ ಅಕ್ಷರವನ್ನು ಕೋರೆಲ್‌ನಲ್ಲಿ 'ಕರ್ವ್', ಇಂಕ್‌ಸ್ಕೇಪ್‌ನಲ್ಲಿ 'ಪಾತ್' ಆಗಿ ಬದಲಿಸಿಯೇ ಕೊಡಬೇಕು. ಹಲಗೆಯಲ್ಲಿ ಅಕ್ಷರದ ಆಕಾರವನ್ನೇ ಆರ್‌ಪಾರ್ ಕೊರೆಸುವುದಾದರೆ 'ಠ', 'ರ'ಗಳ ಹೊಟ್ಟೆ, ಅನುಸ್ವಾರದ ಒಳಗಿನ ಬಿಲ್ಲೆ ಕಳಚಿ ಬೀಳುತ್ತವೆ. ಅಲ್ಲಿ ಸಣ್ಣ ಸೇತುವೆ ಬಿಡಬೇಕು. ಅಕ್ಷರವನ್ನೇ ಬಿಡಿಯಾಗಿ ಕತ್ತರಿಸುವುದಾದರೆ ಸಮಸ್ಯೆ ಉಲ್ಟಾ: 'ಅಮ್ಮ'ದ ಒತ್ತಕ್ಷರ ಅನೇಕ ಫಾಂಟ್‌ಗಳಲ್ಲಿ ಬೇರೆ ತುಂಡು. ಅದನ್ನು ಮೇಲಿನ ಅಕ್ಷರಕ್ಕೆ ತಾಗಿಸಿ ವೆಲ್ಡ್ ಮಾಡಬೇಕು, ಇಲ್ಲವೇ ಹಿಂದೆ ಪಟ್ಟಿ ಕೊಡಬೇಕು.

ಬಿಟ್‌ನ ದಪ್ಪವನ್ನೂ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. 6 ಮಿ.ಮೀ. ಬಿಟ್‌ಗಿಂತ ಕಿರಿದಾದ ಸಂದಿಯಲ್ಲಿ ಅದು ಹೋಗಲ್ಲ. ಒಳಮೂಲೆ ಎಷ್ಟೇ ಚೂಪಾಗಿ ಬರೆದಿದ್ದರೂ 3 ಮಿ.ಮೀ. ತ್ರಿಜ್ಯದ ದುಂಡಗೇ ಆಗುತ್ತೆ.

ಅಂಗಡಿಗಳು ಸಾಮಾನ್ಯವಾಗಿ ಡಿಎಕ್ಸ್‌ಎಫ್ ಫೈಲ್ ತೆಗೆದುಕೊಳ್ಳುತ್ತವೆ. ಇಂಚಿನಲ್ಲಿ ಬರೆದದ್ದನ್ನು ಮಿ.ಮೀ. ಎಂದು ತೆರೆದರೆ 2 ಅಡಿಯ ಬೋರ್ಡ್ 24 ಮಿ.ಮೀ. ಆಗಿಬಿಡುತ್ತದೆ. ಒಟ್ಟು ಅಗಲ, ಎತ್ತರವನ್ನು ಚೀಟಿಯಲ್ಲಿ ಬರೆದು ಜೊತೆಗೆ ಕೊಟ್ಟರೆ ಆಪರೇಟರ್ ಕಟಿಂಗ್‌ಗೆ ಮುನ್ನವೇ ತಾಳೆ ನೋಡುತ್ತಾರೆ.